ಪ್ರಿವ್ಯೂ ಮುಚ್ಚಿಟ್ಟಿದ್ದ ಕಾಕಾ

ಕಾಕಾ ತೀರಿಕೊಂಡ ಸುದ್ದಿ ನಮ್ಮ ಆಫೀಸಿನ ವಾಟ್ಸಾಪ್ ಗುಂಪಿಗೆ ಬಂದ ಹತ್ತೇ ನಿಮಿಷದಲ್ಲಿ ಎಲ್ಲರೂ ಕೈಮುಗಿದ ಚಿತ್ರ ಹಾಕಿದರು. ಅವರಲ್ಲಿ ಅರ್ಧಕ್ಕರ್ಧ ಜನ ಕಾಕಾನ ಬೆನ್ನ ಹಿಂದೆ ನಕ್ಕವರೇ. ಒಬ್ಬ ಮಹಾಶಯ ಅವರಿಗೆ ‘ಮೂರು ಕಣ್ಣಪ್ಪ’ ಎಂದು ಹೆಸರಿಟ್ಟಿದ್ದ. ಈಗ ಅವನೇ ‘ಅವರಂಥ ಗುರು ಇನ್ನು ಸಿಗುವುದಿಲ್ಲ’ ಎಂದು ಇಂಗ್ಲಿಷಿನಲ್ಲಿ ಮಾರುದ್ದ ಬರೆದ. ನನಗೆ ಮೈಯೆಲ್ಲ ಉರಿಯಿತು. ನಾನು ಏನೂ ಹಾಕಲಿಲ್ಲ, ಫೋನನ್ನು ಬೋರಲು ಹಾಕಿ ಕೂತೆ.

ಅವರ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ನಾನು ಹೇಳಹೊರಟಿರುವುದು ಅವರ ಮನೆಯವರಿಗೂ ಗೊತ್ತಿಲ್ಲ, ಗೊತ್ತಾಗುವುದೂ ಬೇಡ. ಆಫೀಸಿನಲ್ಲಿ ಮರಾಠಿಯವರು, ಹಿಂದಿಯವರು, ಮ್ಯಾನೇಜರರು ಎಲ್ಲರಿಗೂ ಅವರು ಕಾಕಾನೇ. ನನಗೂ ಅಷ್ಟೇ ಸಾಕು.

ಪುಣೆಯ ಖರಾಡಿಯಲ್ಲಿ ಒಂದು ಗಾಜಿನ ಕಟ್ಟಡದ ಆರನೆಯ ಮಹಡಿಯಲ್ಲಿ ನಮ್ಮ ಆಫೀಸು. ಕಾರ್ಖಾನೆಯೊಳಗೆ ದೊಡ್ಡ ದೊಡ್ಡ ಯಂತ್ರಗಳ ಸುತ್ತ ಜನ ಹತ್ತಿ ಇಳಿದು ಓಡಾಡಬೇಕಲ್ಲ, ಅದಕ್ಕೆ ಬೇಕಾದ ಕಬ್ಬಿಣದ ಪ್ಲಾಟ್‌ಫಾರ್ಮು, ಮೆಟ್ಟಿಲು, ರೇಲಿಂಗುಗಳನ್ನು ಕಂಪ್ಯೂಟರಿನಲ್ಲಿ ಬರೆದುಕೊಡುವುದು ನಮ್ಮ ಕಸುಬು. ಬರೆಯುವವರು ನನ್ನನ್ನೂ ಸೇರಿ ಹತ್ತು ಜನ. ಅವರು ಬರೆದದ್ದನ್ನು ಹೊರಗೆ ಹೋಗುವ ಮೊದಲು ಪರೀಕ್ಷೆ ಮಾಡುವ ಚೆಕ್ಕರ್ ಒಬ್ಬರೇ, ಕಾಕಾ.

ನಾನು ಗದಗಿನವಳು, ಮದುವೆಯಾಗಿ ವಾಕಡಕ್ಕೆ ಬಂದವಳು. ಕೆಲಸಕ್ಕೆ ಸೇರಿದ ಮೊದಲ ವಾರ ಫೋನಿನಲ್ಲಿ ಗ್ಯಾಸಿನವನ ಮೇಲಿನ ಸಿಟ್ಟನ್ನು ತಂಗಿಯ ಹತ್ತಿರ ಕಾರಿಕೊಳ್ಳುತ್ತಿದ್ದೆ. ಬೆನ್ನ ಹಿಂದೆ ಯಾರೋ ನಕ್ಕ ಸದ್ದಾಯಿತು.

‘ಯಾ ಊರು ತಂಗೀ? ಬೈಗಳ ಕೇಳಿದ ಕೂಡ್ಲೇ ನಮ್ಮ ಕಡೇದಕಿ ಅಂತ ಗುರುತಾತು.’

ಅವರು ವಿಜಾಪುರ ಜಿಲ್ಲೆಯ ಇಂಡಿಯ ಕಡೆಯವರು. ಪುಣೆಗೆ ಬಂದು ಮೂವತ್ತು ವರ್ಷದ ಮೇಲಾಗಿತ್ತು. ಮರಾಠಿಯನ್ನು ಮರಾಠಿಗರಿಗಿಂತ ಚೆನ್ನಾಗಿ ಮಾತಾಡುತ್ತಿದ್ದರು. ಅವತ್ತಿನಿಂದ ನನ್ನ ಹತ್ತಿರ ಮಾತ್ರ ಕನ್ನಡ. ತೆಳ್ಳಗಿನ ಮನುಷ್ಯ, ತುಂಬುತೋಳಿನ ಅಂಗಿ, ಕನ್ನಡಕಕ್ಕೆ ದಾರ. ಮಾತಾಡುವಾಗ ಎದುರಿನವರ ಮುಖವನ್ನು ಒಮ್ಮೆ ಹತ್ತಿರದಿಂದ, ಒಮ್ಮೆ ಹಿಂದೆ ಸರಿದು ನೋಡುವ ಅಭ್ಯಾಸ. ಹೊಸಬರಿಗೆ ಅದು ವಿಚಿತ್ರ ಎನಿಸುತ್ತಿತ್ತು. ನನಗೂ ಮೊದಲು ಮುಜುಗರವೇ ಆಗಿತ್ತು.

ಅವರ ಮೇಜಿನ ಮೇಲೆ ಮೂರು ಮಾನಿಟರ್ ಇದ್ದವು. ನಮ್ಮ ಗಿರಾಕಿಗಳು ಒಬ್ಬೊಬ್ಬರು ಒಂದೊಂದು ಪ್ರೋಗ್ರಾಮ್ ಬಳಸುತ್ತಿದ್ದರಿಂದ ಆಫೀಸಿನಲ್ಲಿ ಮೂರನ್ನೂ ಇಟ್ಟುಕೊಳ್ಳಬೇಕಾಗಿತ್ತು. ಬೇರೆಯವರು ತಮಗೆ ಬೇಕಾದ ಒಂದನ್ನು ತೆರೆದು ಕೆಲಸ ಮುಗಿಸುತ್ತಿದ್ದರು. ಕಾಕಾ ಮಾತ್ರ ಒಂದೇ ಮಾಡೆಲನ್ನು ಮೂರರಲ್ಲೂ ತೆರೆದು, ಮೂರನ್ನೂ ಒಂದೇ ಕೋನಕ್ಕೆ ತಿರುಗಿಸಿ, ಕತ್ತನ್ನು ಎಡದಿಂದ ಬಲಕ್ಕೆ, ಬಲದಿಂದ ಎಡಕ್ಕೆ ಆಡಿಸುತ್ತ ಕೂರುತ್ತಿದ್ದರು. ಆ ಮೂರಕ್ಕೂ ಅವರೇ ಹೆಸರಿಟ್ಟಿದ್ದರು. ನನಗೆ ಪರಿಚಯ ಮಾಡಿಸಿದ್ದು ಬೀಗರನ್ನು ಪರಿಚಯಿಸಿದ ಹಾಗೆ.

‘ಇಂವ ಮುದುಕ. ಬರೇ ಗೀಟಿನ್ಯಾಗ ತೋರಸ್ತಾನ. ಮುಂದಿಂದು, ಹಿಂದಿಂದು, ಒಳಗಿಂದು ಎಲ್ಲಾ ಕೂಡೇ. ಸುಳ್ಳ ಹೇಳಂಗಿಲ್ಲ, ಆದ್ರ ಏನ ಹೇಳ್ಯಾನ ಅಂತನೂ ತಿಳಿಯಂಗಿಲ್ಲ. ಇಂವ ಸಾವಕಾರ. ಬಣ್ಣ, ನೆರಳು, ಹೊಳಪು ಭಾಳ. ಮದುವಿ ಫೋಟೋದಂಗ ತೋರಸ್ತಾನ. ಚಂದ ಕಾಣೂದ್ರಾಗ ತಪ್ಪೆಲ್ಲಾ ಮುಚ್ಚಿ ಹೋಗ್ತಾವ. ಮತ್ತ ಇಂವ ಅವಸರದಂವ. ಎಷ್ಟ ದೊಡ್ಡ ಮಾಡೆಲ್ ಕೊಡು, ಗರಗರ ತಿರಗಸ್ತಾನ. ಯಾಕ ಗೊತ್ತದ ಏನು? ದೂರಿಂದ ನೋಡುವಾಗ ಸಣ್ಣಸಣ್ಣವು ಬಿಟ್ಟ ತೋರಸ್ತಾನ. ಹತ್ರ ಹೋಗಿ ಕೇಳಿದ್ರ, ಇಲ್ಲೇ ಅದನಲ್ಲರೀ ಅಂತಾನ.’

‘ಹಂಗಾದ್ರ ಯಾರನ್ನ ನಂಬಬೇಕ್ರೀ ಕಾಕಾ?’

‘ಯಾರನ್ನೂ ನಂಬಬ್ಯಾಡ. ನಿನ್ನನ್ನಂತೂ ಮೊದಲ ನಂಬಬ್ಯಾಡ.’

ನಾನು ನಕ್ಕೆ. ಅವರು ನಗಲಿಲ್ಲ.

ಮನುಷ್ಯ ತಮಾಷೆಯವರೇ. ಆದರೆ ಅವರ ಜೊತೆ ಹೊರಗೆ ಹೋದಾಗ ಒಂದು ಬಗೆಯ ಅಳುಕು ಹತ್ತುತ್ತಿತ್ತು. ವಿಮಾನ ನಗರದ ಮಾಲಿನಲ್ಲಿ ಒಮ್ಮೆ ಆಫೀಸಿನವರೆಲ್ಲ ಸೇರಿ ಊಟಕ್ಕೆ ಹೋಗಿದ್ದೆವು. ನೆಲಕ್ಕೆ ಬಿಳಿ ಕಲ್ಲು, ನಡುನಡುವೆ ಅಲಂಕಾರಕ್ಕೆ ಕರಿಯ ಚೌಕಗಳು. ಕಾಕಾ ಆ ಚೌಕಗಳ ಮೇಲೆ ಒಂದು ಸಲವೂ ಕಾಲಿಡಲಿಲ್ಲ. ಮಾತಾಡುತ್ತಲೇ, ನೆಲ ನೋಡದೆಯೇ, ಪ್ರತಿಯೊಂದನ್ನೂ ಸುತ್ತಿಹಾಕಿ ನಡೆದರು. ಎದುರಿಗೆ ಬಂದ ಒಂದು ಮಗು ಅಂಥ ಚೌಕದ ಮೇಲೆ ನಿಂತು ಕುಣಿದಾಗ ಅವರು ನನ್ನ ತೋಳನ್ನು ಎಷ್ಟು ಬಿಗಿಯಾಗಿ ಹಿಡಿದರೆಂದರೆ ಬೆರಳಿನ ಗುರುತು ಎರಡು ದಿನ ಉಳಿದಿತ್ತು. ಮಗು ಕುಣಿದು ಹೋಯಿತು. ಕಾಕಾ ಹಣೆ ಒರೆಸಿಕೊಂಡು, ಬಿಸಿಲು ಭಾಳ ಅದ ಅಂದರು. ಮಾಲಿನೊಳಗೆ ಎಸಿಯ ಚಳಿ ಕೊರೆಯುತ್ತಿತ್ತು.

ಅವರ ಕತೆ ನನಗೆ ಗೊತ್ತಾದದ್ದು ಒಂದು ವರದಿಯಿಂದ. ಮೂರು ಪ್ರೋಗ್ರಾಮುಗಳಲ್ಲಿ ಯಾವುದು ಹೇಗೆ ತೋರಿಸುತ್ತದೆ, ಯಾವುದರ ಪ್ರಿವ್ಯೂ ಚೆನ್ನಾಗಿದೆ, ಹೋಲಿಸಿ ಬರೆದುಕೊಡು ಎಂದು ಮ್ಯಾನೇಜರರು ನನಗೆ ಹೇಳಿದರು. ನಾನು ಶಾಣ್ಯಾ ಹುಡುಗಿಯ ಹಾಗೆ ನಾಲ್ಕು ಪುಟ ಬರೆದೆ. ಗೆರೆಯ ನೋಟ, ಬಣ್ಣದ ನೋಟ, ಅಡ್ಡಕ್ಕೆ ಕೊಯ್ದು ನೋಡುವ ಸೆಕ್ಷನ್, ಅರೆಪಾರದರ್ಶಕ ನೋಟ, ಎಲ್ಲ ಬಂತು. ಕೊಡುವ ಮೊದಲು ಕಾಕಾಗೆ ತೋರಿಸಿದೆ. ಅವರು ಕನ್ನಡಕ ಏರಿಸಿ ಪೂರ್ತಿ ಓದಿದರು.

‘ಏನೇನ್ ಕಾಣ್ತದ ಅನ್ನೂದು ಚಲೋ ಬರದೀದಿ. ಯಾರು ಏನ್ ಮುಚ್ಚತಾರ ಅನ್ನೂದು ಬರದೇ ಇಲ್ಲಲ್ಲ?’

ಹೇಳಿ, ಅವಸರದವನಲ್ಲಿ ಒಂದು ಹಳೆಯ ಫೈಲಿನ ನಕಲು ತೆರೆದರು. ಒಂದು ಕಾರ್ಖಾನೆಯ ಪ್ಲಾಟ್‌ಫಾರ್ಮು. ಉದ್ದಕ್ಕೆ ಹಾಸಿದ ಕಬ್ಬಿಣದ ತಗಡಿನ ನೆಲ, ಅಂಚಿಗೆ ರೇಲಿಂಗು, ಪಕ್ಕದಲ್ಲಿ ಮೆಟ್ಟಿಲು.

‘ನೆಲಾ ಹೆಂಗದ?’

‘ಸಪಾಟ ಅದರೀ.’

ಮೌಸಿನ ಚಕ್ರವನ್ನು ಮೆಲ್ಲಗೆ ತಿರುಗಿಸಿದರು. ಪ್ಲಾಟ್‌ಫಾರ್ಮು ಹತ್ತಿರ ಬಂತು. ಇನ್ನೂ ಹತ್ತಿರ. ಇದ್ದಕ್ಕಿದ್ದ ಹಾಗೆ ನೆಲದ ನಟ್ಟನಡುವೆ ಒಂದು ಕರಿಯ ಚೌಕ ಬಾಯಿ ತೆರೆಯಿತು. ಪೈಪು ಹಾಯಿಸಲು ಬಿಟ್ಟ ತೂತು, ಒಬ್ಬ ಮನುಷ್ಯ ಇಳಿಯುವಷ್ಟು ಅಗಲ. ಸುತ್ತ ರೇಲಿಂಗು ಇರಲಿಲ್ಲ. ಕಾಕಾ ಚಕ್ರವನ್ನು ಹಿಂದಕ್ಕೆ ತಿರುಗಿಸಿದರು. ತೂತು ಮುಚ್ಚಿಕೊಂಡಿತು. ಮುಂದಕ್ಕೆ, ತೆರೆಯಿತು. ಹಿಂದಕ್ಕೆ, ಮುಚ್ಚಿತು. ಮಧ್ಯಾಹ್ನದ ಬಿಸಿಲು ಕಿಟಕಿಯಲ್ಲಿ ಹರಡಿತ್ತು, ಸುತ್ತಲೂ ಜನ ಗಲಗಲ ಮಾತಾಡುತ್ತಿದ್ದರು. ನನಗೆ ಮಾತ್ರ ಮುಂಗೈ ಮೇಲಿನ ಕೂದಲು ನಿಂತಿತು. ಅದು ನಮ್ಮನ್ನು ಕಾಯುತ್ತ ಕೂತಿದೆ, ಹತ್ತಿರ ಹೋದರೆ ಕಣ್ಣು ಬಿಡುತ್ತದೆ ಎನಿಸಿತು.

ಹನ್ನೊಂದು ವರ್ಷದ ಹಿಂದೆ ಇನ್ನೊಂದು ಆಫೀಸಿನಲ್ಲಿ ಆ ಪ್ಲಾಟ್‌ಫಾರ್ಮನ್ನು ಬರೆದವರು ಕಾಕಾನೇ. ನಕ್ಷೆಯಂತೆ ಕಾರ್ಖಾನೆಯಲ್ಲಿ ಕಟ್ಟಿದರು. ತೂತಿನ ಸುತ್ತ ರೇಲಿಂಗು ಹಾಕಿರೆಂದು ನಕ್ಷೆ ಹೇಳಿರಲಿಲ್ಲ, ಅವರು ಹಾಕಲಿಲ್ಲ. ಪೈಪು ಬರುವ ಮೊದಲೇ ಒಬ್ಬ ವೆಲ್ಡರ್ ಅದರೊಳಗಿಂದ ಕೆಳಗೆ ಬಿದ್ದು ಸತ್ತ. ವಿಚಾರಣೆಯಾಯಿತು. ಕಾಕಾ ಬಳಸುತ್ತಿದ್ದ ಪ್ರೋಗ್ರಾಮು, ಅಂದರೆ ಇದೇ ಅವಸರದವ, ದೂರದ ನೋಟದಲ್ಲಿ ತೂತುಗಳನ್ನು ಬಿಟ್ಟುಬಿಡುತ್ತದೆ ಎಂದು ತಿಳಿದು, ಯಾರ ತಪ್ಪೂ ಇಲ್ಲ ಎಂದು ಮುಗಿಸಿದರು. ಕಾಕಾ ಅಲ್ಲಿಂದ ಬಿಟ್ಟು ಬಂದರು. ಬರುವಾಗ ಆ ಒಂದು ಫೈಲನ್ನು ತಂದರು.

‘ಅವರು ಮುಗಿಸಿದ್ರು. ನಂಗ ಮುಗೀಲಿಲ್ಲ. ಆವತ್ತ ನನ್ನ ಸ್ಕ್ರೀನ್ ಮ್ಯಾಲ ಆ ತೂತ ಇತ್ತೋ, ಇರಲಿಲ್ಲೋ? ಅಷ್ಟ ಗೊತ್ತಾಗಬೇಕು ನಂಗ.’

ಡ್ರಾಯರಿನಿಂದ ಇನ್ನೂರು ಪುಟದ ನೋಟುಬುಕ್ಕುಗಳನ್ನು ತೆಗೆದರು. ಏಳೋ ಎಂಟೋ ಇದ್ದವು. ಪುಟಪುಟದಲ್ಲೂ ಮೂರು ಕಾಲಮ್ಮು, ಮುದುಕ, ಸಾವಕಾರ, ಅವಸರದವ. ಹೊಸ ವರ್ಷನ್ ಬಂದಾಗಲೆಲ್ಲ ಆ ಫೈಲಿನ ನಕಲನ್ನು ತೆರೆದು, ಯಾವ ಕೋನದಿಂದ, ಎಷ್ಟು ದೂರದಿಂದ ತೂತು ಕಾಣಿಸಿತು, ಎಷ್ಟು ದೂರಕ್ಕೆ ಮಾಯವಾಯಿತು ಎಂದು ಬರೆದಿದ್ದರು. ಅಚ್ಚುಕಟ್ಟಾದ ಸಣ್ಣ ಅಕ್ಷರ. ನಾನು ಒಂದೊಂದೇ ಪುಟ ತಿರುವುತ್ತ ಓದಿದೆ. ಅಯ್ಯೋ, ಇವರು ಇದನ್ನು ಹೊತ್ತುಕೊಂಡು ನಮ್ಮ ಜೊತೆ ಚಹಾ ಕುಡಿಯುತ್ತಿದ್ದರಲ್ಲ ಎನಿಸಿತು.

ಆದರೂ ನನ್ನದು ಸುಮ್ಮನಿರುವ ಬಾಯಿ ಅಲ್ಲ.

‘ಕಾಕಾ, ಪ್ರಿವ್ಯೂ ನೋಡಿದ್ರ ಗೊತ್ತಾಗ್ತದಲ್ಲರೀ?’

ಪ್ರಿವ್ಯೂ ಎಂದರೆ ಫೈಲು ತೆರೆಯುವ ಮೊದಲೇ, ಪಟ್ಟಿಯಲ್ಲಿ ಹೆಸರಿನ ಪಕ್ಕ ಕಾಣುವ ಪುಟ್ಟ ಚಿತ್ರ. ಬೇರೆ ಪ್ರೋಗ್ರಾಮುಗಳು ಅದನ್ನು ಪ್ರತಿಸಲ ಹೊಸದಾಗಿ ಬರೆಯುತ್ತವೆ. ಅವಸರದವ ಹಾಗಲ್ಲ. ಕೊನೆಯ ಸಲ ಸೇವ್ ಮಾಡಿದಾಗ ಸ್ಕ್ರೀನಿನ ಮೇಲೆ ಏನಿತ್ತೋ ಅದನ್ನೇ ಅಚ್ಚೊತ್ತಿ ಫೈಲಿನೊಳಗೆ ಇಟ್ಟುಕೊಳ್ಳುತ್ತಾನೆ. ಕಾಕಾ ಮೂಲ ಫೈಲನ್ನು ಆ ನಕ್ಷೆ ಹೊರಗೆ ಹೋದ ದಿನದ ನಂತರ ಒಮ್ಮೆಯೂ ಸೇವ್ ಮಾಡಿರಲಿಲ್ಲ. ಅಂದಮೇಲೆ ಅವರು ಆ ದಿನ ಕಂಡದ್ದು ಒಂದು ಪುಟ್ಟ ಚಿತ್ರವಾಗಿ ಅದರಲ್ಲೇ ಇರಬೇಕು. ಇದನ್ನು ನನ್ನ ವರದಿಯ ಮೂರನೇ ಪುಟದಲ್ಲಿ ನಾನೇ ಬರೆದಿದ್ದೆ.

ಕಾಕಾ ನೋಟುಬುಕ್ಕುಗಳನ್ನು ಒಂದೊಂದಾಗಿ ಡ್ರಾಯರಿಗೆ ಹಾಕಿ ಕೀಲಿ ಹಾಕಿದರು.

‘ನಮ್ಮ ಆಫೀಸಿನ್ಯಾಗ ಪ್ರಿವ್ಯೂ ಬಂದ್ ಅದ,’ ಅಂದರು.

ಅದು ನಿಜ. ಎಲ್ಲರ ಕಂಪ್ಯೂಟರಿನಲ್ಲೂ ಪಟ್ಟಿಯಲ್ಲಿ ಬರೀ ಹೆಸರುಗಳೇ ಕಾಣುತ್ತಿದ್ದವು. ಕೆಲಸ ನಿಧಾನವಾಗುತ್ತದೆ ಎಂಬ ನೆಪ ಹೇಳಿ ಮುಚ್ಚಿಸಿದವರು ಕಾಕಾ ಎಂದು ಆಮೇಲೆ ತಿಳಿಯಿತು. ಯಾರಾದರೂ ತೆರೆದುಕೊಂಡರೆ ಕಾಕಾ ಎದ್ದು ಬಂದು, ಸ್ಕ್ರೀನಿನ ಕಡೆ ಮುಖ ಮಾಡದೆ, ಗೋಡೆ ನೋಡುತ್ತ ‘ತೇ ಬಂದ ಕರಾ’, ಅದನ್ನು ಮುಚ್ಚಿ, ಅನ್ನುತ್ತಿದ್ದರು. ಮುಚ್ಚುವ ತನಕ ಗೋಡೆಯನ್ನೇ ನೋಡುತ್ತ ನಿಲ್ಲುತ್ತಿದ್ದರು. ಹುಡುಗರು ಅವರು ಹೋದ ಮೇಲೆ ಅದನ್ನು ನಟಿಸಿ ತೋರಿಸಿ ನಗುತ್ತಿದ್ದರು. ನಾನೂ ಒಮ್ಮೆ ನಕ್ಕಿದ್ದೇನೆ, ಸುಳ್ಳು ಯಾಕೆ ಹೇಳಲಿ.

ಈ ವರ್ಷದ ಆರಂಭದಲ್ಲಿ ಅವರು ಹಾಸಿಗೆ ಹಿಡಿದರು. ಹೃದಯದ ತೊಂದರೆ, ಮೂತ್ರಪಿಂಡದ ತೊಂದರೆ, ಒಂದರ ಹಿಂದೆ ಒಂದು. ಆಸ್ಪತ್ರೆಗೆ ನೋಡಲು ಹೋದೆ. ಅವರ ಹೆಂಡತಿ ನನ್ನನ್ನು ಕೂರಿಸಿ ಔಷಧಿ ತರಲು ಕೆಳಗೆ ಹೋದರು. ಕಾಕಾ ಅದಕ್ಕೇ ಕಾದಿದ್ದವರಂತೆ ಕಣ್ಣು ತೆರೆದರು.

‘ತಂಗೀ, ಒಂದ ಕೆಲಸ ಆಗಬೇಕು. ಪ್ರಿವ್ಯೂ ನೋಡು. ನನ್ನ ಕಡಿಂದ ಆಗಲಿಲ್ಲ. ತೂತ ಕಾಣ್ತದೋ ಇಲ್ಲೋ, ನೋಡಿ ಬಂದು ಹೇಳು. ಖರೇ ಹೇಳಬೇಕ ನೋಡು ಮತ್ತ.’

ಮರುದಿನ ಹನ್ನೆರಡು ಗಂಟೆಗೆ, ಆಫೀಸಿನ ತುಂಬ ಜನ ಇರುವಾಗಲೇ, ಬೇಕೆಂದೇ ಆ ಹೊತ್ತು ಹಿಡಿದು, ಕಾಕಾನ ಕುರ್ಚಿಯಲ್ಲಿ ಕೂತೆ. ಪ್ರಿವ್ಯೂ ತೆರೆದೆ. ಪಟ್ಟಿಯಲ್ಲಿ ಆ ಹಳೆಯ ಫೈಲಿನ ಹೆಸರಿನ ಪಕ್ಕ ಅಂಗೈಯಷ್ಟು ಚಿತ್ರ ಮೂಡಿತು.

ತೂತು ಇತ್ತು. ದೂರದ ನೋಟವೇ ಅಲ್ಲ, ಸಾಕಷ್ಟು ಹತ್ತಿರದ್ದು. ಬೂದುಬಣ್ಣದ ನೆಲದ ನಡುವೆ ಕರಿಯ ಚೌಕ, ಕುರುಡರಿಗೂ ಕಾಣುವಂತೆ ಇತ್ತು. ಅಯ್ಯೋ ಕಾಕಾ, ಎಂದುಕೊಂಡೆ. ಆಮೇಲೆ ಕಂಡದ್ದು ಇನ್ನೊಂದು. ತೂತಿನ ಅಂಚಿಗೆ ಯಾರೋ ಇದ್ದರು. ನಮಗೆ ಬೆನ್ನು ಮಾಡಿ, ಕುಕ್ಕರಗಾಲಲ್ಲಿ ಕೂತು, ಮೊಣಕಾಲಿನ ಮೇಲೆ ಕೈಯಿಟ್ಟು ಒಳಗೆ ಬಗ್ಗಿ ನೋಡುತ್ತಿದ್ದ ಒಬ್ಬ ಮನುಷ್ಯ.

ಅಳತೆ ತಿಳಿಯಲಿ ಎಂದು ಕೆಲವರು ಮಾಡೆಲಿನಲ್ಲಿ ಮನುಷ್ಯನ ಬೊಂಬೆ ಇಡುವುದುಂಟು. ಅವು ಪ್ರೋಗ್ರಾಮಿನ ಜೊತೆಗೇ ಬರುತ್ತವೆ, ಎಲ್ಲವೂ ನೆಟ್ಟಗೆ ನಿಂತಿರುತ್ತವೆ. ಕುಕ್ಕರಗಾಲಲ್ಲಿ ಕೂತ ಬೊಂಬೆಯನ್ನು ನಾನು ಇಷ್ಟು ವರ್ಷದಲ್ಲಿ ಕಂಡಿಲ್ಲ. ಫೈಲಿನ ನಕಲು ತೆಗೆದು ಮೂರು ಪ್ರೋಗ್ರಾಮಿನಲ್ಲೂ ತೆರೆದೆ. ಮುದುಕನ ಗೆರೆಗಳಲ್ಲಿ ಇಲ್ಲ, ಸಾವಕಾರನ ಬಣ್ಣದಲ್ಲಿ ಇಲ್ಲ, ಅವಸರದವನಲ್ಲಿ ಮೂಗು ತಾಗುವಷ್ಟು ಹತ್ತಿರ ಹೋದರೂ ಇಲ್ಲ. ಮುಚ್ಚಿಟ್ಟ ಪದರಗಳನ್ನೆಲ್ಲ ತೆರೆದೆ. ತಗಡು, ತೊಲೆ, ಬೋಲ್ಟು, ಅಷ್ಟೇ. ಫೈಲು ಕೊನೆಗೆ ಸೇವ್ ಆದ ದಿನ ಅದೇ, ಹನ್ನೊಂದು ವರ್ಷದ ಹಿಂದಿನದು.

ಪಕ್ಕದ ಸೀಟಿನ ಅಸ್ಮಿತಾ ಎದ್ದು ಹೋಗುತ್ತಿದ್ದವಳು ನನ್ನ ಹಿಂದೆ ನಿಂತಳು. ಅವಳಿಗೆ ನಾನು ಏನನ್ನೂ ಹೇಳಿರಲಿಲ್ಲ.

‘ಅಗ, ಹಾ ಕೋಣ್ ಬಸಲಾಯ್?’ ಅಂದಳು. ಯಾರೇ ಇಲ್ಲಿ ಕೂತಿರುವವನು ಎಂದು.

ನಾನು ಪ್ರಿವ್ಯೂ ಮುಚ್ಚಿದೆ. ಅವಸರದಲ್ಲಿ ಎರಡು ಸಲ ತಪ್ಪು ಜಾಗ ಒತ್ತಿದ್ದೆ. ಅವಳು ನನ್ನ ಮುಖ ನೋಡಿ, ಹಳೇ ಫೈಲುಗಳಲ್ಲಿ ಚಿತ್ರ ಕಲಸಿಹೋಗುತ್ತದೆ, ಬೇರೆ ಯಾವುದೋ ಫೈಲಿನದು ಬಂದು ಕೂತಿರಬೇಕು ಎಂದು ಮರಾಠಿಯಲ್ಲಿ ಸಮಾಧಾನ ಹೇಳಿದಳು. ಇರಬಹುದು. ಕಂಪ್ಯೂಟರ್ ಬಲ್ಲವರು ಯಾರಾದರೂ ಹಾಗೇ ಹೇಳುತ್ತಾರೆ. ಆ ದಿನ ವಾಕಡದ ತನಕ ಕಂಪನಿ ಬಸ್ಸಿನಲ್ಲಿ ನಾನು ಕಣ್ಣು ಮುಚ್ಚಲಿಲ್ಲ. ಮುಚ್ಚಿದರೆ ಅವನ ಬೆನ್ನು ಕಾಣುತ್ತಿತ್ತು.

ಕಾಕಾಗೆ ಏನು ಹೇಳಬೇಕು? ಇಡೀ ದಾರಿ ಯೋಚಿಸಿದ್ದು ಅದೊಂದೇ. ಖರೇ ಹೇಳು ಅಂದಿದ್ದರು. ತೂತು ಕಾಣುತ್ತದೆ ಅಂದರೆ, ನಿಮ್ಮ ಕಣ್ಣೆದುರಿಗೇ ಇತ್ತು, ನೀವೇ ನೋಡಲಿಲ್ಲ, ಅವನು ಸತ್ತದ್ದು ನಿಮ್ಮಿಂದ ಎಂದ ಹಾಗೆ. ಹನ್ನೊಂದು ವರ್ಷ ಕಾದ ಮನುಷ್ಯನಿಗೆ ಹಾಸಿಗೆಯ ಮೇಲೆ ಅದನ್ನು ಕೊಡುವುದೇ? ನಾನು ಕೊಡುವುದಿಲ್ಲ ಎಂದು ನಿಶ್ಚಯಿಸಿದೆ. ಕಾಕಾ ಕಲಿಸಿದ ಲೆಕ್ಕದಲ್ಲಿ ಅದು ತಪ್ಪು. ಆದರೆ ಆಗ ನಾನು ಅವರ ಮೇಲೆ ಪ್ರೀತಿ ಇಟ್ಟ ಒಬ್ಬ ಹೆಣ್ಣುಮಗಳಾಗಿದ್ದೆ.

ಮರುದಿನ ಬೆಳಗಿನ ಹೊತ್ತು ಹೋದೆ. ಅವರ ಹೆಂಡತಿಯನ್ನು ಚಹಾ ಕುಡಿದು ಬರ್ರಿ ಎಂದು ಕಳಿಸಿದೆ. ಕಾಕಾ ಸೊರಗಿ ಇಷ್ಟೇ ಇಷ್ಟಾಗಿದ್ದರು. ಕನ್ನಡಕ ಇರಲಿಲ್ಲ, ಆದರೂ ಹಳೆಯ ಅಭ್ಯಾಸ, ನನ್ನ ಮುಖವನ್ನು ನೋಡಲು ತಲೆಯನ್ನು ದಿಂಬಿನಿಂದ ಮುಂದೆ ತಂದರು.

‘ನೋಡಿದ್ಯಾ?’

‘ನೋಡಿದೆರೀ ಕಾಕಾ. ದೂರಿಂದ ತಗದ ಚಿತ್ರ ಅದ. ತೂತ ಕಾಣಂಗಿಲ್ರೀ. ನೆಲಾ ಸಪಾಟ ಅದ.’

ಚೆನ್ನಾಗಿಯೇ ಹೇಳಿದೆ ಎಂದುಕೊಂಡೆ. ಅವರು ತಲೆ ಹಿಂದಕ್ಕೆ ಹಾಕಿ ಕಣ್ಣು ಮುಚ್ಚಿದರು. ನನ್ನ ಎದೆ ಹಗುರಾಯಿತು.

‘ಅಂವ ನಿನಗೂ ಕಂಡ್ನೇನು?’

ಆ ಮನುಷ್ಯನ ಮಾತನ್ನು ನಾನು ಯಾರ ಹತ್ತಿರವೂ ಎತ್ತಿರಲಿಲ್ಲ.

‘ಯಾರ್ರೀ?’

‘ಕುಂತಿರತಾನಲ್ಲ, ತೂತಿನ ಬಾಜೂಕ. ಬಗ್ಗಿ ನೋಡಕೋತ.’

ಸುಳ್ಳು ಹೇಳಲು ಇನ್ನು ಏನೂ ಉಳಿದಿರಲಿಲ್ಲ. ಹೂಂ ಎಂದು ತಲೆಯಾಡಿಸಿದೆ. ಅವರ ಮುಚ್ಚಿದ ಕಣ್ಣಿನಿಂದ ನೀರು ಕಿವಿಯ ಕಡೆ ಇಳಿಯಿತು.

‘ಹಂಗಾದ್ರ ನನ್ನ ತಲಿ ಕೆಟ್ಟಿಲ್ಲ. ಅಷ್ಟ ಕೇಳಬೇಕಾಗಿತ್ತು ನಂಗ. ನಾ ಅದನ್ನ ಮೊದಲನೇ ವರ್ಷನ ನೋಡೀನಿ ತಂಗೀ. ಅಂವನ್ನ ಕಂಡ ಮ್ಯಾಲ ಪ್ರಿವ್ಯೂ ಬಂದ್ ಮಾಡಿಸಿದೆ.’

ಆ ನೋಟುಬುಕ್ಕುಗಳು ಏನೆಂದು ನನಗೆ ಆಗ ಹೊಳೆಯಿತು. ತೂತು ಕಾಣದೆಯೂ ಇರಬಹುದಿತ್ತು ಎನ್ನುವುದಕ್ಕೆ ಅವರು ವರ್ಷವರ್ಷವೂ ಸಾಕ್ಷಿ ಕೂಡಿಸುತ್ತಿದ್ದರು, ಕಂಡಿತ್ತು ಎಂದು ಗೊತ್ತಿದ್ದೂ. ನಾನು ಅವರ ಕೈ ಹಿಡಿದುಕೊಂಡೆ. ಅವರು ಬಿಡಿಸಿಕೊಳ್ಳಲಿಲ್ಲ.

‘ಆವತ್ತ ಅಂವ ಇರಲಿಲ್ಲ,’ ಅಂದರು. ‘ತೂತ ಒಂದ ಇತ್ತು. ರೇಲಿಂಗ್ ಹಾಕೂದು ಬಾಕಿ ಅದ ಅಂತ ನಂಗ ಗೊತ್ತಿತ್ತು. ಊಟದ ಹೊತ್ತಾಗಿತ್ತು, ಬಂದು ಹಾಕಿದ್ರಾತು ಅಂತ ಸೇವ್ ಮಾಡಿ ಎದ್ದೆ. ಬರೂದ್ರಾಗ ಫೈಲ್ ಕಳಿಸಿಬಿಟ್ಟಿದ್ರು. ಒಂದ ಫೋನ್ ಮಾಡಿದ್ರ ವಾಪಸ್ ಬರ್ತಿತ್ತು.’

‘ಮತ್ತ ಯಾಕ ಮಾಡಲಿಲ್ಲರೀ ಕಾಕಾ?’

ಕಾರಿಡಾರಿನಲ್ಲಿ ಅವರ ಹೆಂಡತಿಯ ಚಪ್ಪಲಿಯ ಸದ್ದು ಕೇಳಿಸಿತು. ಕಾಕಾ ಬೇಗಬೇಗ, ಮೆಲ್ಲಗೆ ಹೇಳಿದರು.

‘ಸೈಟಿನ್ಯಾಗ ಯಾರರ ನೋಡ್ತಾರ ಬಿಡು ಅಂದೆ.’